ಹನ್ನೊಂದು ಪುಟಗಳ ಬೀಗದ ಕೈ: ಲಾವಾಬಿಟ್ ಪ್ರಕರಣದ ಅಧ್ಯಯನ

2013ರ ಆಗಸ್ಟ್ 2ರಂದು ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಕೈಗೆ ಹನ್ನೊಂದು ಪುಟಗಳ ಒಂದು ಮುದ್ರಿತ ದಾಖಲೆ ಬಂದಿತು. ಅದರಲ್ಲಿ ಓದಿ ಅರ್ಥಮಾಡಿಕೊಳ್ಳುವಂಥ ಒಂದು ವಾಕ್ಯವೂ ಇರಲಿಲ್ಲ. ಅಕ್ಷರಗಳು ಮತ್ತು ಅಂಕಿಗಳು ಒತ್ತೊತ್ತಾಗಿ ಮುದ್ರಣಗೊಂಡಿದ್ದವು. ಅಕ್ಷರದ ಗಾತ್ರ 4 ಪಾಯಿಂಟ್. ಪಂಚಾಂಗದ ಕೋಷ್ಟಕದ ಅಕ್ಷರವೂ ಅದರ ಮುಂದೆ ದೊಡ್ಡದಾಗಿ ಕಾಣುತ್ತದೆ. ಅದನ್ನು ಓದಲು ಸಾಧ್ಯವೇ ಇಲ್ಲವೆಂದು ಸರ್ಕಾರಿ ವಕೀಲರು ನ್ಯಾಯಾಲಯದಲ್ಲಿ ದೂರಿದರು. ಒಟ್ಟು 2,560 ಅಕ್ಷರಗಳನ್ನು ಕೈಯಿಂದಲೇ ಕಂಪ್ಯೂಟರಿಗೆ ಊಡಬೇಕು, ಎಲ್ಲಿಯಾದರೂ ಒಂದೇ ಒಂದು ತಪ್ಪಿದರೆ ಇಡೀ ಶ್ರಮ ವ್ಯರ್ಥ ಎಂಬುದು ಅವರ ಅಳಲು. ಆ ದಾಖಲೆಯನ್ನು ಕೊಟ್ಟವರು ಲಾವಾಬಿಟ್ ಎಂಬ ಸಣ್ಣ ಇಮೇಲ್ ಸೇವೆಯ ಒಡೆಯ ಲಡಾರ್ ಲೆವಿಸನ್. ಪುಟಗಳಲ್ಲಿದ್ದದ್ದು ಆ ಸೇವೆಯ ಎಸ್‌ಎಸ್‌ಎಲ್ ಖಾಸಗಿ ಕೀಲಿಗಳು, ಅಂದರೆ ಸುಮಾರು 4 ಲಕ್ಷ 10 ಸಾವಿರ ಬಳಕೆದಾರರ ಪತ್ರವ್ಯವಹಾರಕ್ಕೆ ಹಾಕಿದ್ದ ಹೆಬ್ಬಾಗಿಲ ಬೀಗದ ಕೈ.

ಈ ಪ್ರಸಂಗವನ್ನು ಸರ್ಕಾರದ ದರ್ಪಕ್ಕೆ ಮಣಿಯದ ಒಬ್ಬ ಸಾಹಸಿಯ ಕಥೆಯೆಂದು ಹೇಳುವುದು ವಾಡಿಕೆ. ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಡಿಜಿಟಲ್ ಕಣ್ಗಾವಲಿನ ಬಗೆಗೆ, ಅದಕ್ಕೆ ಪರಿಹಾರವೆಂದು ಮುಂದಿಡಲಾಗುವ ವಿಕೇಂದ್ರೀಕೃತ, ಅಂದರೆ ಒಬ್ಬ ಒಡೆಯನ ಕೈಯಲ್ಲಿರದೆ ಹಲವರಲ್ಲಿ ಹಂಚಿಹೋದ, ತಂತ್ರಜ್ಞಾನದ ಬಗೆಗೆ ಈ ಪ್ರಕರಣದಿಂದ ತಿಳಿಯಬೇಕಾದದ್ದು ಸಾಹಸದ ಆಚೆಗಿದೆ. ಲೆವಿಸನ್ ಅಂಥ ಇಕ್ಕಟ್ಟಿಗೆ ಸಿಲುಕಿದ್ದೇಕೆ ಎಂಬ ಪ್ರಶ್ನೆಗೆ ಉತ್ತರ ಕಾನೂನಿನಲ್ಲಿ ಎಷ್ಟಿದೆಯೋ ಅವರೇ ಕಟ್ಟಿದ ವ್ಯವಸ್ಥೆಯ ರಚನೆಯಲ್ಲಿಯೂ ಅಷ್ಟೇ ಇದೆ.

ಸೇವೆ ಮತ್ತು ಅದರ ಬೀಗಗಳು

ಲಾವಾಬಿಟ್ ಹುಟ್ಟಿದ್ದು 2004ರಲ್ಲಿ, ನರ್ಡ್‌ಶ್ಯಾಕ್ ಎಂಬ ಹೆಸರಿನಲ್ಲಿ. ಅದೇ ವರ್ಷ ಗೂಗಲ್ ತನ್ನ ಜಿಮೇಲ್ ಸೇವೆಯನ್ನು ಆರಂಭಿಸಿತ್ತು. ಪತ್ರಗಳ ಒಳಗಿನ ಪದಗಳನ್ನು ಯಂತ್ರ ಓದಿ, ಅದಕ್ಕೆ ತಕ್ಕ ಜಾಹೀರಾತನ್ನು ಪಕ್ಕದಲ್ಲಿ ತೋರಿಸುವುದು ಆಗ ಹೊಸ ಸಂಗತಿಯಾಗಿತ್ತು. ಅದು ಒಪ್ಪದವರಿಗೆ ಬೇರೊಂದು ಆಯ್ಕೆ ಇರಬೇಕೆಂಬುದು ಲೆವಿಸನ್ ಅವರ ಆಲೋಚನೆಯಾಗಿತ್ತು. ಅಮೆರಿಕದ ಪೇಟ್ರಿಯಟ್ ಕಾಯ್ದೆಯ ಬಲದಿಂದ, ನ್ಯಾಯಾಧೀಶರ ಸಹಿಯಿಲ್ಲದೆಯೂ ತನಿಖಾ ಸಂಸ್ಥೆಗಳು ಗ್ರಾಹಕರ ಮಾಹಿತಿ ಕೇಳುವ ಪತ್ರಗಳನ್ನು ಕಂಪನಿಗಳಿಗೆ ಕಳುಹಿಸುತ್ತಿದ್ದುದೂ ಅವರ ಮನಸ್ಸಿನಲ್ಲಿತ್ತು. ತನ್ನ ಬಳಿ ಕೊಡಲು ಏನೂ ಇಲ್ಲದಿದ್ದರೆ ಯಾರೂ ಕೇಳುವುದಿಲ್ಲ ಎಂಬ ಸರಳ ತರ್ಕದ ಮೇಲೆ ಅವರು ಹಣ ತೆರುವ ಗ್ರಾಹಕರಿಗಾಗಿ ಎನ್‌ಕ್ರಿಪ್ಷನ್, ಅಂದರೆ ಕೀಲಿಯಿಲ್ಲದವರು ಓದಲಾಗದಂತೆ ಪತ್ರವನ್ನು ಮುಚ್ಚಿಡುವ, ಸೌಲಭ್ಯವನ್ನು ಸೇರಿಸಿದರು.

ಆ ಸೌಲಭ್ಯ ಕೆಲಸ ಮಾಡುತ್ತಿದ್ದ ಬಗೆಯನ್ನು ಸ್ವಲ್ಪ ವಿವರವಾಗಿ ನೋಡಬೇಕು, ಏಕೆಂದರೆ ಪ್ರಕರಣದ ಜೀವಾಳ ಇಲ್ಲಿದೆ. ಪ್ರತಿ ಬಳಕೆದಾರನಿಗೂ ಎರಡು ಕೀಲಿಗಳು: ಒಂದು ಸಾರ್ವಜನಿಕ, ಇನ್ನೊಂದು ಖಾಸಗಿ. ಬಂದ ಪತ್ರವನ್ನು ಸರ್ವರ್ ಸಾರ್ವಜನಿಕ ಕೀಲಿಯಿಂದ ಮುಚ್ಚಿ ಇಡುತ್ತಿತ್ತು. ಅದನ್ನು ತೆರೆಯಬಲ್ಲ ಖಾಸಗಿ ಕೀಲಿಯೂ ಅದೇ ಸರ್ವರಿನಲ್ಲಿಯೇ ಇತ್ತು. ಆದರೆ ಬಳಕೆದಾರನ ಪಾಸ್‌ವರ್ಡ್‌ನಿಂದ ಅದಕ್ಕೂ ಬೀಗ ಬಿದ್ದಿರುತ್ತಿತ್ತು. ಆದ್ದರಿಂದ ಯಾರಾದರೂ ಲಾವಾಬಿಟ್‌ನ ಹಾರ್ಡ್ ಡಿಸ್ಕನ್ನೇ ಹೊತ್ತೊಯ್ದರೂ ಅವರಿಗೆ ಸಿಗುತ್ತಿದ್ದದ್ದು ಅರ್ಥವಿಲ್ಲದ ಅಕ್ಷರಗಳ ರಾಶಿ ಮಾತ್ರ.

ಇಲ್ಲಿಯವರೆಗೆ ಎಲ್ಲವೂ ಸರಿ. ತೊಡಕು ಇದ್ದದ್ದು ಪಾಸ್‌ವರ್ಡ್ ಸಾಗಿಬರುವ ದಾರಿಯಲ್ಲಿ. ಬಳಕೆದಾರ ಲಾಗಿನ್ ಆಗುವಾಗ ಆತನ ಪಾಸ್‌ವರ್ಡ್ ಸರ್ವರಿಗೆ ಬರಲೇಬೇಕಿತ್ತು. ಸರ್ವರ್ ಅದನ್ನು ಬಳಸಿ ಖಾಸಗಿ ಕೀಲಿಯನ್ನು ತೆರೆದು, ಪತ್ರವನ್ನು ಬಿಡಿಸಿ ತೋರಿಸಿ, ಆಮೇಲೆ ಪಾಸ್‌ವರ್ಡನ್ನು ಮರೆತುಬಿಡುವುದಾಗಿ ಮಾತು ಕೊಟ್ಟಿತ್ತು. ಹಳೆಯ ಬೆಂಗಳೂರಿನ ಒಂದು ವಠಾರವನ್ನು ಊಹಿಸಿಕೊಳ್ಳಬಹುದು. ಒಂದೊಂದು ಮನೆಗೂ ಬೇರೆಬೇರೆ ಬೀಗಗಳಿವೆ, ಎಲ್ಲವೂ ಗಟ್ಟಿಯಾದ ಬೀಗಗಳೇ. ಆದರೆ ಹೊರಗಿನಿಂದ ಬಂದ ಪ್ರತಿಯೊಬ್ಬರೂ ತಮ್ಮ ಬೀಗದ ಕೈಯನ್ನು ಹೆಬ್ಬಾಗಿಲ ಕಾವಲುಗಾರನಿಗೆ ಕೊಟ್ಟು ಅವನಿಂದಲೇ ಬಾಗಿಲು ತೆಗೆಸಿಕೊಳ್ಳಬೇಕು. ಕಾವಲುಗಾರ ಪ್ರಾಮಾಣಿಕನಾಗಿದ್ದರೆ ತೊಂದರೆಯಿಲ್ಲ. ಆತನ ಜಾಗದಲ್ಲಿ ಬೇರೊಬ್ಬರು ನಿಂತರೆ ಒಳಗಿನ ಬೀಗಗಳೆಲ್ಲ ಇದ್ದೂ ಇಲ್ಲದಂತೆ. ಬಳಕೆದಾರನ ಕಂಪ್ಯೂಟರಿನಿಂದ ಲಾವಾಬಿಟ್‌ವರೆಗಿನ ಹಾದಿಯನ್ನು ಕಾಯುತ್ತಿದ್ದದ್ದು ಎಸ್‌ಎಸ್‌ಎಲ್ ಕೀಲಿ. ಅದು ಬಳಕೆದಾರನಿಗೊಂದರಂತೆ ಇರಲಿಲ್ಲ. ಇಡೀ ಸಂಸ್ಥೆಗೆ ಅಂಥ ಐದು ಜೋಡಿ ಕೀಲಿಗಳಿದ್ದವು, ಒಂದೊಂದು ಬಗೆಯ ಮೇಲ್ ಸಂಪರ್ಕಕ್ಕೆ ಒಂದೊಂದು.

ಈ ದೌರ್ಬಲ್ಯವನ್ನು ಪ್ರಕರಣ ಬಯಲಾದ ಮೇಲೆ ಕಟುವಾಗಿ ಎತ್ತಿ ತೋರಿಸಿದವರು ಸಿಗ್ನಲ್ ಎಂಬ ಮೆಸೇಜಿಂಗ್ ಆ್ಯಪ್‌ನ ನಿರ್ಮಾತೃ ಮಾಕ್ಸಿ ಮಾರ್ಲಿನ್‌ಸ್ಪೈಕ್. ಸರ್ವರ್ ಓದಲಾರದು ಎನ್ನುವುದಕ್ಕೂ ಸರ್ವರ್ ಓದದಿರಲು ಒಪ್ಪಿಕೊಂಡಿದೆ ಎನ್ನುವುದಕ್ಕೂ ಇರುವ ಅಂತರವೇ ಅವರ ಟೀಕೆಯ ತಿರುಳು. ಲೆವಿಸನ್ ಅವರ ಸಂಕಟದ ಬಗ್ಗೆ ಎಷ್ಟು ಸಹಾನುಭೂತಿ ಇದ್ದರೂ ಆ ಟೀಕೆಯನ್ನು ಅಲ್ಲಗಳೆಯುವುದು ನನಗೆ ಸಾಧ್ಯವಾಗುವುದಿಲ್ಲ.

ಜೂನ್‌ನಿಂದ ಆಗಸ್ಟ್‌ವರೆಗೆ

2013ರ ಜೂನ್ ಮೊದಲ ವಾರದಲ್ಲಿ ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯ ಸಾಮೂಹಿಕ ಕಣ್ಗಾವಲಿನ ದಾಖಲೆಗಳು ಪತ್ರಿಕೆಗಳಲ್ಲಿ ಪ್ರಕಟವಾಗತೊಡಗಿದವು. ಜೂನ್ 9ರಂದು, ಆ ಸಂಸ್ಥೆಗೆ ಗುತ್ತಿಗೆಯ ಮೇಲೆ ದುಡಿದಿದ್ದ ಎಡ್ವರ್ಡ್ ಸ್ನೋಡೆನ್ ಅವುಗಳ ಮೂಲ ತಾನೇ ಎಂದು ಹಾಂಗ್‌ಕಾಂಗ್‌ನಿಂದ ಘೋಷಿಸಿದರು. ಮರುದಿನವೇ, ಜೂನ್ 10ರಂದು, ವರ್ಜೀನಿಯಾದ ಪೂರ್ವ ಜಿಲ್ಲಾ ಫೆಡರಲ್ ನ್ಯಾಯಾಲಯ ಲಾವಾಬಿಟ್‌ನ ಒಂದು ಖಾತೆಯ ಮಾಹಿತಿ ಕೊಡುವಂತೆ ಆದೇಶಿಸಿತು. ಆ ಖಾತೆ ಯಾರದ್ದೆಂದು ಹೇಳುವಂತಿರಲಿಲ್ಲ. ಕಡತಕ್ಕೆ ಮೊಹರು ಬಿದ್ದಿತ್ತು. ಆದರೆ ಜುಲೈ 12ರಂದು ಮಾಸ್ಕೋದ ಶೆರೆಮೆತ್ಯೆವೊ ವಿಮಾನ ನಿಲ್ದಾಣಕ್ಕೆ ಮಾನವ ಹಕ್ಕು ಕಾರ್ಯಕರ್ತರನ್ನು ಕರೆದ ಆಹ್ವಾನಪತ್ರ ಲಾವಾಬಿಟ್ ವಿಳಾಸದಿಂದ ಹೊರಟಿದ್ದುದು ಜಗಜ್ಜಾಹೀರಾಗಿತ್ತು. ಊರಿಗೆಲ್ಲ ತಿಳಿದದ್ದನ್ನು ಕಾನೂನು ಮೂರು ವರ್ಷ ಗುಟ್ಟಾಗಿ ಇಟ್ಟುಕೊಂಡಿತು. 2016ರ ಮಾರ್ಚ್‌ನಲ್ಲಿ ಬಿಡುಗಡೆಯಾದ ಕಡತಗಳಲ್ಲಿ ಒಂದೆಡೆ ಸ್ನೋಡೆನ್ ಹೆಸರಿನ ವಿಳಾಸಕ್ಕೆ ಕಪ್ಪು ಬಳಿಯಲು ಯಾರೋ ಮರೆತಿದ್ದರಿಂದ ಆ ಗುಟ್ಟೂ ಮುಗಿಯಿತು.

ಜೂನ್ 28ರಂದು ಬಂದ ಎರಡನೆಯ ಆದೇಶ ಬೇರೆ ಬಗೆಯದು. ಅದನ್ನು ಅಮೆರಿಕದ ಕಾನೂನಿನಲ್ಲಿ ಪೆನ್ ರಿಜಿಸ್ಟರ್ ಆದೇಶ ಎನ್ನುತ್ತಾರೆ. ಹೆಸರು ಬಂದದ್ದು ಹಳೆಯ ಟೆಲಿಫೋನ್ ತಂತಿಗೆ ಜೋಡಿಸಿ, ಡಯಲ್ ಮಾಡಿದ ಸಂಖ್ಯೆಗಳನ್ನು ಮಾತ್ರ ಬರೆದಿಡುತ್ತಿದ್ದ ಒಂದು ಯಂತ್ರದಿಂದ. ಮಾತನ್ನು ಕೇಳುವುದಕ್ಕೂ ಸಂಖ್ಯೆಯನ್ನು ಬರೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ, ಡಯಲ್ ಮಾಡಿದ ಸಂಖ್ಯೆ ಹೇಗೂ ಟೆಲಿಫೋನ್ ಕಂಪನಿಗೆ ತಿಳಿದಿರುವುದರಿಂದ ಅದರಲ್ಲಿ ಖಾಸಗಿತನದ ನಿರೀಕ್ಷೆ ಇರಲಾರದು ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1979ರಲ್ಲಿ ತೀರ್ಪಿತ್ತಿತ್ತು. 1986ರ ಕಾಯ್ದೆ ಇದಕ್ಕೊಂದು ವಿಧಾನವನ್ನು ರೂಪಿಸಿತು. ಮಾಹಿತಿ ತನಿಖೆಗೆ ಸಂಬಂಧಿಸಿದ್ದೆಂದು ಸರ್ಕಾರಿ ವಕೀಲರು ದೃಢೀಕರಿಸಿದರೆ ಸಾಕು. ಮನೆಯ ಶೋಧಕ್ಕೆ ಬೇಕಾದಷ್ಟು ಬಲವಾದ ಕಾರಣವನ್ನು ತೋರಿಸಬೇಕಿಲ್ಲ. ಅಂಚೆಯ ಭಾಷೆಯಲ್ಲಿ ಹೇಳುವುದಾದರೆ ಲಕೋಟೆಯ ಮೇಲಿನ ವಿಳಾಸವನ್ನು ನೋಡಬಹುದು, ಒಳಗಿನ ಕಾಗದವನ್ನಲ್ಲ.

ಎಫ್‌ಬಿಐ ಕೇಳಿದ್ದು ಇಷ್ಟನ್ನೇ: ಒಂದು ಖಾತೆಯಿಂದ ಯಾರಿಗೆ, ಯಾವಾಗ, ಎಲ್ಲಿಂದ ಪತ್ರ ಹೋಗುತ್ತದೆ ಎಂಬ ವಿವರ. ಆದರೆ ಲಾವಾಬಿಟ್‌ನಲ್ಲಿ ಆ ಲಕೋಟೆಯೂ ಎಸ್‌ಎಸ್‌ಎಲ್ ಎಂಬ ದೊಡ್ಡ ಚೀಲದೊಳಗೆ ಸಾಗುತ್ತಿತ್ತು. ಚೀಲ ಬಿಚ್ಚಿದರೆ ಕಾಣುತ್ತಿದ್ದದ್ದು ಒಬ್ಬನ ಲಕೋಟೆಯಲ್ಲ, ಎಲ್ಲರ ಲಕೋಟೆಗಳು ಮತ್ತು ಅವುಗಳ ಒಳಗಿನ ಕಾಗದಗಳು. ಜೊತೆಗೆ ಎಲ್ಲರ ಪಾಸ್‌ವರ್ಡ್‌ಗಳು. ಪೆನ್ ರಿಜಿಸ್ಟರ್ ಕಾಯ್ದೆ ಸೇವಾದಾತರು ಅಗತ್ಯವಾದ ಎಲ್ಲ ತಾಂತ್ರಿಕ ನೆರವನ್ನೂ ಒದಗಿಸಬೇಕೆನ್ನುತ್ತದೆ. ಆ ನೆರವಿನಲ್ಲಿ ಕೀಲಿಯೂ ಸೇರುತ್ತದೆಂಬುದು ಸರ್ಕಾರದ ವಾದವಾಗಿತ್ತು. ಮಾಹಿತಿ ಹೆಕ್ಕಲು ಎಫ್‌ಬಿಐ ಅಳವಡಿಸುವ ಯಂತ್ರದಲ್ಲಿ ಒಂದು ಜರಡಿ ಇರುತ್ತದೆ, ಉಳಿದವರ ಮಾಹಿತಿ ಅದರಲ್ಲಿ ಸೋರಿಹೋಗುತ್ತದೆ, ಅದನ್ನು ಯಾರೂ ನೋಡುವುದಿಲ್ಲ ಎಂದು ಸರ್ಕಾರಿ ವಕೀಲರು ಭರವಸೆಯಿತ್ತರು. ಕುತೂಹಲದ ಸಂಗತಿಯೆಂದರೆ, ನೋಡಬಲ್ಲೆವು ಆದರೆ ನೋಡುವುದಿಲ್ಲ ಎಂಬ ಈ ಮಾತು ಲಾವಾಬಿಟ್ ತನ್ನ ಗ್ರಾಹಕರಿಗೆ ಕೊಟ್ಟಿದ್ದ ಮಾತಿನ ತದ್ರೂಪವಾಗಿತ್ತು.

ಲೆವಿಸನ್ ಎಲ್ಲ ತನಿಖೆಗೂ ಅಡ್ಡ ನಿಂತವರಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. ಸೇವೆ ಆರಂಭವಾದಾಗಿನಿಂದ ನಿರ್ದಿಷ್ಟ ಖಾತೆಗಳ ಬಗ್ಗೆ ಬಂದ ಹಲವು ನ್ಯಾಯಾಲಯದ ಆದೇಶಗಳಿಗೆ ಅವರು ತಲೆಬಾಗಿದ್ದರು. ಈ ಸಲವೂ ಜುಲೈ 13ರಂದು ಅವರು ಒಂದು ಪ್ರಸ್ತಾವವನ್ನು ಮುಂದಿಟ್ಟರು. ಬೇಕಾದ ಒಂದು ಖಾತೆಯ ವಿವರಗಳನ್ನು ಮಾತ್ರ ಹೆಕ್ಕುವ ತಂತ್ರಾಂಶವನ್ನು ತಾವೇ ಬರೆದು, ಅವಧಿಯ ಕೊನೆಗೆ ಒಪ್ಪಿಸುವುದಾಗಿಯೂ ಅದಕ್ಕೆ 2,000 ಡಾಲರ್ ಕೊಡಬೇಕೆಂದೂ, ಮಧ್ಯೆಮಧ್ಯೆ ಮಾಹಿತಿ ಬೇಕಾದರೆ ಇನ್ನೂ 1,500 ಡಾಲರ್ ಆಗುವುದೆಂದೂ ತಿಳಿಸಿದರು. ಸರ್ಕಾರ ಒಪ್ಪಲಿಲ್ಲ. ಅದಕ್ಕೆ ಬೇಕಾಗಿದ್ದದ್ದು ತಕ್ಷಣದ ಮಾಹಿತಿ. ಅದೂ ತಾನು ಹುಡುಕುತ್ತಿರುವ ವ್ಯಕ್ತಿಯ ಸೇವಾದಾತನನ್ನು ನೆಚ್ಚಿಕೊಳ್ಳದೆ ಪಡೆಯುವ ಮಾಹಿತಿ. ತನಿಖಾಧಿಕಾರಿಯ ಜಾಗದಲ್ಲಿ ನಿಂತು ನೋಡಿದರೆ ಈ ಹಟವೂ ಅರ್ಥವಾಗುವಂಥದ್ದೇ, ಏಕೆಂದರೆ ಮೊದಲ ಭೇಟಿಯ ಬಳಿಕ ಹನ್ನೊಂದು ದಿನ ಲೆವಿಸನ್ ಸರಿಯಾಗಿ ಮಾತಿಗೇ ಸಿಕ್ಕಿರಲಿಲ್ಲ.

ಜುಲೈ 16ರಂದು ಅವರು ವಕೀಲರಿಲ್ಲದೆ ಒಬ್ಬರೇ ವರ್ಜೀನಿಯಾದ ಅಲೆಕ್ಸಾಂಡ್ರಿಯಾಕ್ಕೆ ಹೋಗಿ ನ್ಯಾಯಾಧೀಶ ಕ್ಲಾಡ್ ಹಿಲ್ಟನ್ ಅವರ ಮುಂದೆ ನಿಂತರು. ಯಂತ್ರ ಅಳವಡಿಸಲು ತಮ್ಮ ತಕರಾರಿಲ್ಲ, ಕೀಲಿ ಕೊಡುವುದಕ್ಕೆ ಮಾತ್ರ ಆಕ್ಷೇಪವಿದೆ, ಅದು ಎಲ್ಲ ಬಳಕೆದಾರರ ಭದ್ರತೆಯನ್ನೂ ಕೆಡಿಸುತ್ತದೆ ಎಂದರು. ಅದೇ ದಿನ ಕೀಲಿಗಳಿಗಾಗಿ ಶೋಧನಾ ವಾರಂಟ್ ಕೂಡ ಜಾರಿಯಾಯಿತು. ಆಗಸ್ಟ್ 1ರ ವಿಚಾರಣೆಗೆ ವಕೀಲರು ಜೊತೆಗಿದ್ದರು. ವಾರಂಟ್ ರದ್ದುಪಡಿಸಬೇಕೆಂಬ, ಕಡತ ಬಯಲು ಮಾಡಬೇಕೆಂಬ ಎರಡು ಕೋರಿಕೆಗಳೂ ತಿರಸ್ಕೃತವಾದವು. ಮರುದಿನ ಹನ್ನೊಂದು ಪುಟಗಳು ಬಂದವು. ಆಗಸ್ಟ್ 5ರಂದು ನ್ಯಾಯಾಲಯ ದಿನಕ್ಕೆ 5,000 ಡಾಲರ್ ದಂಡ ವಿಧಿಸಿತು. ಎರಡು ದಿನ ತಡೆದು, ಆಗಸ್ಟ್ 7ರಂದು ಲೆವಿಸನ್ ಯಂತ್ರ ಓದಬಲ್ಲ ರೂಪದಲ್ಲಿ ಕೀಲಿಗಳನ್ನು ಒಪ್ಪಿಸಿದರು. ಆಗಸ್ಟ್ 8ರಂದು ಸೇವೆಯನ್ನೇ ಮುಚ್ಚಿದರು.

ಅಮೆರಿಕದ ಜನರ ವಿರುದ್ಧದ ಅಪರಾಧದಲ್ಲಿ ಪಾಲುಗೊಳ್ಳುವುದೋ ಸುಮಾರು ಹತ್ತು ವರ್ಷಗಳ ದುಡಿಮೆಯನ್ನು ಬಿಟ್ಟು ನಡೆಯುವುದೋ ಎಂಬ ಆಯ್ಕೆ ತಮ್ಮ ಮುಂದಿತ್ತು ಎಂದು ಅವರು ಅಂದು ಬರೆದರು. ಏನಾಯಿತು ಎಂಬುದನ್ನು ಮಾತ್ರ ಬರೆಯುವಂತಿರಲಿಲ್ಲ. ಬಾಯಿಗೆ ಬೀಗ ಹಾಕುವ ಆದೇಶ ಇನ್ನೂ ಜಾರಿಯಲ್ಲಿತ್ತು.

ಕಳೆದ ಕಾಲದ ಪತ್ರಗಳೂ

ಕೀಲಿ ಕೈಸೇರುವ ಹೊತ್ತಿಗೆ ಸೇವೆಯೇ ನಿಂತುಹೋಯಿತಲ್ಲ, ಇನ್ನೇನು ಅಪಾಯ ಎಂದು ಕೇಳಬಹುದು. ಇದಕ್ಕೆ ಉತ್ತರ ಆ ಕಾಲದ ಎಸ್‌ಎಸ್‌ಎಲ್ ಬಳಕೆಯ ಒಂದು ಒಳಗುಟ್ಟಿನಲ್ಲಿದೆ. ಆಗ ಬಹುಪಾಲು ಸರ್ವರ್‌ಗಳಲ್ಲಿ ಪ್ರತಿ ಸಂಪರ್ಕದ ತಾತ್ಕಾಲಿಕ ಕೀಲಿಯನ್ನು ಸರ್ವರಿನ ಶಾಶ್ವತ ಕೀಲಿಯಿಂದ ಮುಚ್ಚಿ ಕಳುಹಿಸುವ ಪದ್ಧತಿ ಇತ್ತು. ಹಾಗಾಗಿ, ತಿಂಗಳುಗಟ್ಟಲೆ ಹಿಂದಿನ ಸಂಪರ್ಕಗಳನ್ನು ಮುಚ್ಚಿದ ಸ್ಥಿತಿಯಲ್ಲಿಯೇ ಯಾರಾದರೂ ಸಂಗ್ರಹಿಸಿಟ್ಟಿದ್ದರೆ, ಶಾಶ್ವತ ಕೀಲಿ ಸಿಕ್ಕ ದಿನ ಅವೆಲ್ಲವೂ ತೆರೆದುಕೊಳ್ಳುತ್ತವೆ. ಸಾಮೂಹಿಕ ಸಂಗ್ರಹದ ಸುದ್ದಿಯೇ ಜಗತ್ತನ್ನು ಬೆಚ್ಚಿಬೀಳಿಸಿದ್ದ ಆ ಬೇಸಿಗೆಯಲ್ಲಿ ಇದು ಬರಿಯ ಊಹೆಯ ಅಪಾಯವಾಗಿರಲಿಲ್ಲ. ಪ್ರತಿ ಸಂಪರ್ಕಕ್ಕೂ ಹೊಸ ಕೀಲಿಯನ್ನು ಹುಟ್ಟಿಸಿ ಆಮೇಲೆ ಅಳಿಸಿಹಾಕುವ ವಿಧಾನ ಆಗಲೇ ಗೊತ್ತಿತ್ತು, ಗೂಗಲ್ 2011ರಿಂದಲೇ ಅದನ್ನು ಬಳಸುತ್ತಿತ್ತು. ಉಳಿದವರು ಸೋಮಾರಿತನದಿಂದಲೋ ಖರ್ಚಿನ ಅಂಜಿಕೆಯಿಂದಲೋ ಮುಂದೂಡಿದ್ದರು. 2018ರ ಆಗಸ್ಟ್‌ನಲ್ಲಿ ಪ್ರಕಟವಾದ, ಎಸ್‌ಎಸ್‌ಎಲ್‌ನ ಉತ್ತರಾಧಿಕಾರಿಯಾದ ಟಿಎಲ್‌ಎಸ್ 1.3 ಮಾನದಂಡ ಹಳೆಯ ಪದ್ಧತಿಯನ್ನು ಪೂರ್ಣವಾಗಿ ಕೈಬಿಟ್ಟಿದೆ. ಅದನ್ನು ಪಾಲಿಸುವ ಸೇವೆಯಲ್ಲಿ ಇಂದು ಅಂಥದ್ದೇ ಹನ್ನೊಂದು ಪುಟಗಳು ಯಾರ ಕೈ ಸೇರಿದರೂ ನಿನ್ನೆಯ ಪತ್ರಗಳು ತೆರೆಯಲಾರವು. ನ್ಯಾಯಾಲಯದಲ್ಲಿ ಸೋತ ವಾದವೊಂದು ತಾಂತ್ರಿಕ ಮಾನದಂಡದ ಮೂಲಕ ಗೆದ್ದುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿಯದು.

2013ರ ಅಕ್ಟೋಬರ್ 2ರಂದು, ಖಾತೆದಾರನ ಗುರುತಿಗೆ ಕಪ್ಪು ಬಳಿದು, ಕಡತಗಳ ಮೊಹರು ತೆರೆಯಲಾಯಿತು. ಕೀಲಿ ಬೇರೆಯವರ ಕೈಸೇರಿದೆ ಎಂಬುದು ಬಹಿರಂಗವಾದ ಮೇಲೆ, ಇದು ಅಸಲಿ ಲಾವಾಬಿಟ್ ಸರ್ವರೇ ಎಂದು ದೃಢಪಡಿಸುವ ಪ್ರಮಾಣಪತ್ರ ನೀಡಿದ್ದ ಗೋಡ್ಯಾಡಿ ಕಂಪನಿ ಅದನ್ನು ಹಿಂತೆಗೆದುಕೊಂಡಿತು. ಕೀಲಿಯ ಗುಟ್ಟು ರಟ್ಟಾದರೆ ಪ್ರಮಾಣಪತ್ರ ರದ್ದಾಗಬೇಕೆಂಬುದು ಆ ಉದ್ಯಮದ ಸಾಮಾನ್ಯ ನಿಯಮ. ಕದ್ದವರಾರು, ಕೇಳಿ ಪಡೆದವರಾರು ಎಂಬ ಭೇದ ಅದಕ್ಕಿಲ್ಲ.

2014ರ ಏಪ್ರಿಲ್ 16ರಂದು ನಾಲ್ಕನೆಯ ವಲಯದ ಮೇಲ್ಮನವಿ ನ್ಯಾಯಾಲಯ ತೀರ್ಪು ನೀಡಿ, ದಂಡ ವಿಧಿಸಿದ್ದ ನ್ಯಾಯಾಂಗ ನಿಂದನೆಯ ಆದೇಶವನ್ನು ಎತ್ತಿಹಿಡಿಯಿತು. ಎಲ್ಲರೂ ಕಾಯುತ್ತಿದ್ದ ಪ್ರಶ್ನೆಯನ್ನು, ಅಂದರೆ ಒಬ್ಬನ ಮಾಹಿತಿಗಾಗಿ ಎಲ್ಲರ ಕೀಲಿಯನ್ನು ಕೇಳಬಹುದೇ ಎಂಬುದನ್ನು, ಅದು ಮುಟ್ಟಲೇ ಇಲ್ಲ. ಈ ವಾದಗಳನ್ನು ಕೆಳಗಿನ ನ್ಯಾಯಾಲಯದಲ್ಲಿ ಸರಿಯಾದ ಸಮಯಕ್ಕೆ, ಸರಿಯಾದ ರೂಪದಲ್ಲಿ ಎತ್ತಿರಲಿಲ್ಲವಾದ್ದರಿಂದ ಈಗ ಪರಿಗಣಿಸಲಾಗದು ಎಂದಿತು. ಜುಲೈ 16ರಂದು ವಕೀಲರಿಲ್ಲದೆ ನಿಂತ ಮನುಷ್ಯ ಆಡಿದ ಮಾತು ಅದಕ್ಕೆ ಕಾನೂನಿನ ಆಕ್ಷೇಪವಾಗಿ ಕಾಣಲಿಲ್ಲ, ಬರಿಯ ಮನಸ್ಸಿನ ಕಳವಳವಾಗಿ ಕಂಡಿತು. ಸಣ್ಣ ಸಂಸ್ಥೆಗಳ ಮೇಲೆ ಕಣ್ಗಾವಲಿನ ಕಾನೂನು ಎಷ್ಟು ಭಾರವಾಗಿ ಬೀಳುತ್ತದೆ ಎಂಬುದಕ್ಕೆ ದಂಡದ 10,000 ಡಾಲರ್‌ಗಿಂತಲೂ ಇದೇ ಹೆಚ್ಚಿನ ಸಾಕ್ಷಿ. ದೊಡ್ಡ ಕಂಪನಿಗಾದರೆ ಮೊದಲ ಗಂಟೆಯಿಂದಲೇ ವಕೀಲರ ದಂಡು ಇರುತ್ತಿತ್ತು.

ಮುಚ್ಚಿಸುವ ಬಲ, ತೆರೆಸುವ ಬಲ

ಲಾವಾಬಿಟ್ ಮುಚ್ಚಿದ ಮರುದಿನವೇ ಸೈಲೆಂಟ್ ಸರ್ಕಲ್ ಎಂಬ ಕಂಪನಿ, ತನಗೆ ಯಾವ ಆದೇಶವೂ ಬಂದಿರದಿದ್ದರೂ, ಮುನ್ನೆಚ್ಚರಿಕೆಯಾಗಿ ತನ್ನ ಇಮೇಲ್ ಸೇವೆಯನ್ನು ನಿಲ್ಲಿಸಿತು. ಅದರ ಸ್ಥಾಪಕರಲ್ಲಿ ಒಬ್ಬರು, ಪತ್ರಗಳ ಎನ್‌ಕ್ರಿಪ್ಷನ್ನಿಗೆ ದಾರಿ ಹಾಕಿದ ಪಿಜಿಪಿ ತಂತ್ರಾಂಶದ ಕರ್ತೃ ಫಿಲ್ ಜಿಮ್ಮರ್‌ಮನ್. ಅಕ್ಟೋಬರ್ ಕೊನೆಯಲ್ಲಿ ಇವರೂ ಲೆವಿಸನ್ ಅವರೂ ಕೂಡಿ ಡಾರ್ಕ್ ಮೇಲ್ ಒಕ್ಕೂಟವನ್ನು ಘೋಷಿಸಿದರು. ಅಲ್ಲಿಂದ ಹುಟ್ಟಿದ ಡೈಮ್ ಎಂಬ ವ್ಯವಸ್ಥೆಯಲ್ಲಿ ಪತ್ರದ ಒಡಲಿಗಷ್ಟೇ ಅಲ್ಲ, ವಿಳಾಸಕ್ಕೂ ಪದರಪದರವಾಗಿ ಮುಚ್ಚಳವಿತ್ತು: ಕಳುಹಿಸುವವನ ಸರ್ವರಿಗೆ ಪತ್ರ ಯಾವ ಸರ್ವರಿಗೆ ಹೋಗುತ್ತದೆ ಎಂದಷ್ಟೇ ಗೊತ್ತು, ಪಡೆಯುವವನ ಸರ್ವರಿಗೆ ಎಲ್ಲಿಂದ ಬಂತು ಎಂದಷ್ಟೇ ಗೊತ್ತು. 2017ರ ಜನವರಿ 20ರಂದು ಲಾವಾಬಿಟ್ ಇದೇ ತಳಹದಿಯ ಮೇಲೆ ಮತ್ತೆ ತೆರೆಯಿತು. ಈ ಸಲ ಎಸ್‌ಎಸ್‌ಎಲ್ ಕೀಲಿಯನ್ನು, ಹೊರತೆಗೆಯಲು ತಮಗೂ ಸಾಧ್ಯವಾಗದಂತೆ, ಪ್ರತ್ಯೇಕವಾದ ಒಂದು ಭದ್ರತಾ ಯಂತ್ರದೊಳಗೆ ಇಟ್ಟಿರುವುದಾಗಿ ಲೆವಿಸನ್ ಹೇಳಿದರು. ಕೇಳಿದರೂ ಕೊಡಲಾರದ ಸ್ಥಿತಿಯನ್ನು ತಾವಾಗಿಯೇ ಸೃಷ್ಟಿಸಿಕೊಂಡಿದ್ದರು. ಆದರೂ ಡೈಮ್ ಜನಸಾಮಾನ್ಯರ ಬಳಕೆಗೆ ಬರಲಿಲ್ಲ. ಎರಡೂ ಕಡೆಯವರು ಅದನ್ನೇ ಬಳಸಿದರೆ ಮಾತ್ರ ಅದರ ಪೂರ್ಣ ಲಾಭ, ಜಗತ್ತಿನ ಉಳಿದ ಪತ್ರಗಳು ಹಳೆಯ ದಾರಿಯಲ್ಲಿಯೇ ಸಾಗುತ್ತಿದ್ದವು.

ವಿಕೇಂದ್ರೀಕರಣದ ಆಶ್ವಾಸನೆಯನ್ನು ಅಳೆಯಲು ಇದೇ ತಕ್ಕ ಜಾಗ. ಇಮೇಲ್ ಹುಟ್ಟಿನಿಂದಲೇ ವಿಕೇಂದ್ರೀಕೃತ ವ್ಯವಸ್ಥೆ ಎಂಬುದನ್ನು ನಾವು ಮರೆತಿದ್ದೇವೆ. ಸರ್ವರ್‌ಗಳ ನಡುವೆ ಪತ್ರ ಸಾಗಿಸುವ 1982ರ ಎಸ್‌ಎಂಟಿಪಿ ನಿಯಮಾವಳಿಯ ಪ್ರಕಾರ ಯಾರು ಬೇಕಾದರೂ ತಮ್ಮದೇ ಸರ್ವರ್ ನಡೆಸಬಹುದು, ಯಾವ ಸರ್ವರ್ ಬೇಕಾದರೂ ಯಾವುದರೊಡನೆಯೂ ಮಾತಾಡಬಹುದು. ಡಲ್ಲಾಸ್‌ನ ಒಬ್ಬ ಯುವಕ ಗೆಳೆಯರೊಡನೆ ಕೂಡಿ ಗೂಗಲ್‌ಗೆ ಎದುರಾಗಿ ಅಂಗಡಿ ತೆರೆಯಲು ಸಾಧ್ಯವಾದದ್ದೇ ಆ ಕಾರಣದಿಂದ. ಎಂದರೆ ಲಾವಾಬಿಟ್ ವಿಕೇಂದ್ರೀಕರಣದ ಕೊರತೆಯಿಂದ ಬಿದ್ದದ್ದಲ್ಲ. ವಿಕೇಂದ್ರೀಕೃತ ಜಾಲದ ಒಂದು ಚಿಕ್ಕ ಗಂಟಾಗಿದ್ದುಕೊಂಡೇ, ತನ್ನೊಳಗೆ ತಾನೊಂದು ಕೇಂದ್ರವಾಗಿದ್ದುದರಿಂದ ಬಿದ್ದಿತು.

ಅಧಿಕಾರಕ್ಕೆ ಇಲ್ಲಿ ಎರಡು ಬಲಗಳಿವೆ: ಸೇವೆಯನ್ನು ಮುಚ್ಚಿಸುವ ಬಲ, ಪತ್ರವನ್ನು ತೆರೆಸುವ ಬಲ. ಸರ್ವರ್‌ಗಳನ್ನು ಹರಡಿದರೆ ಮೊದಲನೆಯದು ಕುಂದುತ್ತದೆ. ಕೀಲಿಯನ್ನು ಬಳಕೆದಾರನ ಕೈಯಲ್ಲೇ ಉಳಿಸಿದರೆ ಎರಡನೆಯದು ಕುಂದುತ್ತದೆ. ಒಂದನ್ನು ಸಾಧಿಸಿದ ಮಾತ್ರಕ್ಕೆ ಇನ್ನೊಂದು ಸಾಧಿಸಿದಂತಲ್ಲ. ಲಾವಾಬಿಟ್‌ನಲ್ಲಿ ಎರಡೂ ಒಬ್ಬ ಮನುಷ್ಯನ ಹೆಗಲ ಮೇಲಿದ್ದವು. ಆತ ತೆರೆಯಬೇಕಾಯಿತು, ಮುಚ್ಚಬೇಕಾಯಿತು. ಮುಚ್ಚಿದಾಗ ಲಕ್ಷಾಂತರ ಜನರ ಹಳೆಯ ಪತ್ರಗಳೂ ಒಳಗೇ ಉಳಿದವು. 2013ರ ಅಕ್ಟೋಬರ್‌ನಲ್ಲಿ ಕೆಲವು ದಿನಗಳ ಮಟ್ಟಿಗೆ ಬಾಗಿಲು ಅರೆತೆರೆದು ಅವುಗಳನ್ನು ಇಳಿಸಿಕೊಳ್ಳಲು ಅವಕಾಶ ಕೊಡಬೇಕಾಯಿತು.

ಎರಡು ಹೋಲಿಕೆಗಳು ಇದನ್ನು ಸ್ಪಷ್ಟಪಡಿಸುತ್ತವೆ. 2016ರ ಮೊದಲ ಭಾಗದಲ್ಲಿ ಅದೇ ವರ್ಜೀನಿಯಾದ ಪೂರ್ವ ಜಿಲ್ಲೆಯಿಂದ ಸಿಗ್ನಲ್ ಸಂಸ್ಥೆಗೆ ಇಂಥದ್ದೇ ಒಂದು ಸಮನ್ಸ್ ಬಂದಿತು. ಎರಡು ಫೋನ್ ಸಂಖ್ಯೆಗಳ ಬಗ್ಗೆ ಮಾಹಿತಿ ಬೇಕಿತ್ತು. ಸಂಸ್ಥೆಯ ಬಳಿ ಇದ್ದದ್ದು ಖಾತೆ ಯಾವಾಗ ತೆರೆಯಿತು, ಕೊನೆಯ ಬಾರಿ ಯಾವಾಗ ಸಂಪರ್ಕಿಸಿತು ಎಂಬ ಎರಡು ಸಂಗತಿಗಳು ಮಾತ್ರ. ಅವನ್ನು ಕೊಟ್ಟಿತು, ಅಲ್ಲಿಗೆ ಮುಗಿಯಿತು. ಸಿಗ್ನಲ್ ವಿಕೇಂದ್ರೀಕೃತವಲ್ಲ, ಅದರ ಸರ್ವರ್‌ಗಳೆಲ್ಲ ಒಂದೇ ಸಂಸ್ಥೆಯವು. 2021ರ ಜನವರಿಯಲ್ಲಿ ಇರಾನ್ ಅದನ್ನು ಸುಲಭವಾಗಿ ತಡೆಯಿತು ಕೂಡ. ಅದನ್ನು ಮುಚ್ಚಿಸಬಹುದು, ತೆರೆಸಲಾಗದು. ಇದಕ್ಕೆ ತದ್ವಿರುದ್ಧವಾದದ್ದು ಟ್ವಿಟರ್ ಬಗೆಯ ಮಾಸ್ಟೊಡಾನ್ ಜಾಲದ ಕೊಲೆಕ್ಟಿವಾ ಎಂಬ ಸರ್ವರಿನ ಕಥೆ. ಮಾಸ್ಟೊಡಾನ್ ನಿಜವಾದ ಅರ್ಥದಲ್ಲಿ ವಿಕೇಂದ್ರೀಕೃತ. ಸಾವಿರಾರು ಸರ್ವರ್‌ಗಳು, ಒಬ್ಬ ಒಡೆಯನಿಲ್ಲ. 2023ರ ಮೇ ತಿಂಗಳಲ್ಲಿ ಬೇರೆ ಯಾವುದೋ ತನಿಖೆಗಾಗಿ ಎಫ್‌ಬಿಐ ಆ ಸರ್ವರಿನ ನಿರ್ವಾಹಕರೊಬ್ಬರ ಮನೆಗೆ ದಾಳಿಯಿಟ್ಟಾಗ, ಅವರು ದುರಸ್ತಿಗೆಂದು ತೆರೆದಿಟ್ಟಿದ್ದ ದತ್ತಾಂಶದ ಎನ್‌ಕ್ರಿಪ್ಟ್ ಆಗದ ಪ್ರತಿಯೂ ವಶವಾಯಿತು. ಅದರಲ್ಲಿ ಬಳಕೆದಾರರ ಇಮೇಲ್ ವಿಳಾಸಗಳಿದ್ದವು, ಅವರವರ ನಡುವಿನ ಖಾಸಗಿ ಸಂದೇಶಗಳೂ ಇದ್ದವು. ಮಾಸ್ಟೊಡಾನ್‌ನ ನೇರ ಸಂದೇಶಗಳನ್ನು ಆಯಾ ಸರ್ವರಿನ ನಿರ್ವಾಹಕ ಓದಬಲ್ಲ ಎಂಬುದನ್ನು, 2019ರ ನವೆಂಬರ್‌ನಲ್ಲಿ ಟ್ವಿಟರ್ ಮೇಲೆ ಮುನಿಸಿಕೊಂಡು ಅತ್ತ ವಲಸೆ ಹೋದ ಭಾರತೀಯರಲ್ಲಿ ಎಷ್ಟು ಮಂದಿ ಗಮನಿಸಿದ್ದರೋ ಕಾಣೆ.

ನಮ್ಮ ಕಾನೂನಿನ ಕೆಳಗೆ

ಇದೇ ಪ್ರಕರಣ ಬೆಂಗಳೂರಿನ ಒಂದು ಸಣ್ಣ ಇಮೇಲ್ ಕಂಪನಿಗೆ ಒದಗಿದ್ದರೆ ಏನಾಗುತ್ತಿತ್ತು ಎಂದು ಕೇಳಿಕೊಳ್ಳುವುದು ಅಪ್ರಸ್ತುತವಲ್ಲ. ಈ ಎರಡೂ ಬಲಗಳ ಬಳಕೆ ಇಲ್ಲಿಯೂ ನಡೆದಿದೆ. 2023ರ ಮೇ ತಿಂಗಳಲ್ಲಿ ಜಮ್ಮು ಮತ್ತು ಕಾಶ್ಮೀರದ ಉಗ್ರಗಾಮಿಗಳು ಬಳಸುತ್ತಾರೆಂಬ ಕಾರಣಕ್ಕೆ ಕೇಂದ್ರ ಸರ್ಕಾರ 14 ಮೆಸೇಜಿಂಗ್ ಆ್ಯಪ್‌ಗಳನ್ನು ತಡೆಯಿತು. ಅವುಗಳಲ್ಲಿ ಎಲಿಮೆಂಟ್ ಮತ್ತು ಬ್ರಯಾರ್ ಎಂಬ ಎರಡು ವಿಕೇಂದ್ರೀಕೃತ ತಂತ್ರಾಂಶಗಳೂ ಇದ್ದವು. ಎಲಿಮೆಂಟ್ ನಿಂತಿರುವುದು ಮ್ಯಾಟ್ರಿಕ್ಸ್ ಎಂಬ ಮುಕ್ತ ನಿಯಮಾವಳಿಯ ಮೇಲೆ. ಫ್ರಾನ್ಸ್ ಸರ್ಕಾರ ತನ್ನ ನೌಕರರ ಸಂವಹನಕ್ಕೆ, ಜರ್ಮನಿಯ ಸೈನ್ಯ ತನ್ನ ಸಿಬ್ಬಂದಿಯ ಸಂವಹನಕ್ಕೆ ಅದನ್ನೇ ನೆಚ್ಚಿವೆ. ಬ್ರಯಾರ್‌ಗಂತೂ ಸರ್ವರೇ ಇಲ್ಲ, ಇಂಟರ್ನೆಟ್ ಇಲ್ಲದಾಗ ಹತ್ತಿರದ ಫೋನ್‌ಗಳು ಬ್ಲೂಟೂತ್ ಮೂಲಕ ಮಾತಾಡುತ್ತವೆ. ಆ್ಯಪ್ ಅಂಗಡಿಯಿಂದ ತೆಗೆಸುವುದು ಸಾಧ್ಯ, ಈಗಾಗಲೇ ಫೋನ್‌ನಲ್ಲಿ ಇರುವುದನ್ನು ನಿಲ್ಲಿಸುವುದು ಕಷ್ಟ.

2025ರ ಏಪ್ರಿಲ್ 29ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಸ್ವಿಟ್ಜರ್ಲೆಂಡಿನ ಪ್ರೋಟಾನ್ ಮೇಲ್ ಸೇವೆಯನ್ನು ತಡೆಯುವ ಪ್ರಕ್ರಿಯೆ ಆರಂಭಿಸುವಂತೆ ಕೇಂದ್ರಕ್ಕೆ ನಿರ್ದೇಶಿಸಿದರು. ಆ ಅರ್ಜಿಯ ಹಿನ್ನೆಲೆಯನ್ನು ಹಗುರವಾಗಿ ಕಾಣುವಂತಿಲ್ಲ: ಒಂದು ಕಂಪನಿಯ ಮಹಿಳಾ ಉದ್ಯೋಗಿಗಳ ಬಗ್ಗೆ ಅಶ್ಲೀಲ ಪತ್ರಗಳು, ಕೃತಕ ಬುದ್ಧಿಮತ್ತೆಯಿಂದ ತಯಾರಿಸಿದ ನಕಲಿ ಚಿತ್ರಗಳು ಆ ಸೇವೆಯ ಮೂಲಕ ಹರಿದಾಡಿದ್ದವು, ಕಳುಹಿಸಿದವರನ್ನು ಹಿಡಿಯಲು ಪೊಲೀಸರಿಗೆ ದಾರಿ ಇರಲಿಲ್ಲ. ಸ್ವಿಸ್ ಅಧಿಕಾರಿಗಳ ಮೂಲಕ ಬಂದ ಆದೇಶಕ್ಕೆ ಮಾತ್ರ ಪ್ರೋಟಾನ್ ಮಣಿಯುತ್ತದೆ. 2021ರಲ್ಲಿ ಹಾಗೆ ಬಂದ ಆದೇಶದ ಮೇರೆಗೆ ಫ್ರಾನ್ಸಿನ ಒಬ್ಬ ಪರಿಸರ ಕಾರ್ಯಕರ್ತರ ಐಪಿ ವಿಳಾಸವನ್ನು ಕೊಟ್ಟಿತ್ತು, ಪತ್ರದ ಒಡಲನ್ನು ಕೊಡಲು ಅದರ ಬಳಿ ಕೀಲಿಯೇ ಇರಲಿಲ್ಲ. ನೊಂದ ಮಹಿಳೆಯ ದೂರಿಗೆ ಉತ್ತರವಿಲ್ಲದ ಯಾವ ಖಾಸಗಿತನದ ವಾದವೂ ಪೂರ್ಣವಲ್ಲ ಎಂದು ನಾನು ತಿಳಿದಿದ್ದೇನೆ. ಹಾಗೆಯೇ, ಒಬ್ಬ ದುಷ್ಕರ್ಮಿಗಾಗಿ ಇಡೀ ಸೇವೆಯ ಬಾಗಿಲು ಹಾಕಿಸುವುದು ಅಲೆಕ್ಸಾಂಡ್ರಿಯಾದ ನ್ಯಾಯಾಲಯ ಒಬ್ಬನಿಗಾಗಿ ಎಲ್ಲರ ಕೀಲಿ ಕೇಳಿದ್ದರ ಇನ್ನೊಂದು ರೂಪ.

ಪತ್ರವನ್ನು ತೆರೆಸುವ ಬಲವಾದರೋ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ನೇ ಕಲಮಿನಲ್ಲಿದೆ. ಅದರಡಿ ಡಿಕ್ರಿಪ್ಷನ್ನಿಗೆ ನೆರವಾಗಲು ನಿರಾಕರಿಸಿದ ಸೇವಾದಾತನಿಗೆ 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. 2009ರ ನಿಯಮಗಳ ಪ್ರಕಾರ ಸಾಮಾನ್ಯವಾಗಿ ಆದೇಶ ಹೊರಡಿಸುವವರು ನ್ಯಾಯಾಧೀಶರಲ್ಲ, ಕೇಂದ್ರದಲ್ಲಿ ಅಥವಾ ರಾಜ್ಯದಲ್ಲಿ ಗೃಹ ಇಲಾಖೆಯ ಕಾರ್ಯದರ್ಶಿ. ಆದೇಶಗಳನ್ನು ಪರಿಶೀಲಿಸುವ ಸಮಿತಿಯೂ ಅಧಿಕಾರಿಗಳದ್ದೇ. ಎರಡು ತಿಂಗಳಿಗೊಮ್ಮೆ ಅದು ಸೇರಬೇಕು. 2018ರ ಡಿಸೆಂಬರ್ 20ರ ಅಧಿಸೂಚನೆ ಈ ಅಧಿಕಾರವನ್ನು ಬಳಸಬಲ್ಲ 10 ಸಂಸ್ಥೆಗಳನ್ನು ಹೆಸರಿಸಿದೆ. ಎಲ್ಲವನ್ನೂ ಗೋಪ್ಯವಾಗಿಡಬೇಕೆಂಬುದು ಸೇವಾದಾತನ ಮೇಲಿನ ಕಟ್ಟಳೆ.

ಲೆವಿಸನ್ ಸೋತರು, ಆದರೆ ಸೋತದ್ದು ಒಬ್ಬ ನ್ಯಾಯಾಧೀಶರ ಎದುರಿನಲ್ಲಿ, ಎರಡೂ ಕಡೆಯ ಮಾತು ದಾಖಲಾದ ವಿಚಾರಣೆಯಲ್ಲಿ. ಆ ದಾಖಲೆ ಸುಮಾರು ಎರಡು ತಿಂಗಳಲ್ಲಿ ಸಾರ್ವಜನಿಕರ ಕೈಗೆ ಬಂತು. ಹನ್ನೊಂದು ಪುಟಗಳ ಅಕ್ಷರದ ಗಾತ್ರ, 2,560 ಅಕ್ಷರಗಳ ಲೆಕ್ಕ, ದಿನಕ್ಕೆ 5,000 ಡಾಲರ್‌ನ ದಂಡ, ಇವೆಲ್ಲ ಇಲ್ಲಿ ಬರೆಯಲು ಸಿಕ್ಕಿದ್ದು ಆ ಕಡತ ತೆರೆದದ್ದರಿಂದ. 69ನೇ ಕಲಮಿನ ಅಡಿ ಕೀಲಿ ಕೊಟ್ಟ, ಅಥವಾ ಕೊಡಲು ಒಪ್ಪದ, ಒಬ್ಬ ಭಾರತೀಯ ಸೇವಾದಾತನ ಬಗ್ಗೆ ಇಂಥದ್ದೇ ಒಂದು ಅಧ್ಯಯನ ಬರೆಯಲು ಹೊರಟವರಿಗೆ ತೆರೆದು ನೋಡಲು ಅಂಥ ಕಡತ ಇರುವುದಿಲ್ಲ.